ತಲೆ ಎತ್ತಿದರೆ ಹೊಕ್ಕುಳ ಮೇಲಕ್ಕೆ ಜರುಗುತ್ತದೆ, ಯಾಕೆ? (ಬೀವರ್ ಸೈನ್ ಚರ್ಚೆ)

ಇಂಟರ್ನ್ ಫಿಸಿಯೋ

ಎಲ್ಲರಿಗೂ ನಮಸ್ಕಾರ. ಒಂದು ಪರೀಕ್ಷೆಯ ಬಗ್ಗೆ ಕೇಳಬೇಕಿತ್ತು.

ಐವತ್ತು ದಾಟಿದ ಒಬ್ಬ ಹೆಂಗಸು ನಮ್ಮ ವಿಭಾಗಕ್ಕೆ ಬಂದಿದ್ದರು. ಕೆಲವು ತಿಂಗಳಿಂದ ಕಾಲು ಭಾರ. ನಡೆದರೆ ಕಾಲು ಸೆಟೆದುಕೊಳ್ಳುತ್ತದೆ. ಬೆನ್ನು ನೋವು ಹೇಳಿಕೊಳ್ಳುವಷ್ಟು ಇಲ್ಲ. ಸೊಂಟದ ಎಂಆರ್‌ಐ ಆಗಿದೆ, ಅದರಲ್ಲಿ ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಏನೂ ಇಲ್ಲ. ವ್ಯಾಯಾಮ ಹೇಳಿಕೊಡಿ ಅಂತ ನಮ್ಮ ಹತ್ತಿರ ಕಳಿಸಿದ್ದರು.

ಸೀನಿಯರ್ ಮೇಡಂ ಅವರನ್ನು ಅಂಗಾತ ಮಲಗಿಸಿದರು. ಕೈ ಎದೆ ಮೇಲೆ ಕಟ್ಟಿಕೊಂಡು ತಲೆ ಮಾತ್ರ ಎತ್ತಿ ಅಂದರು. ತಲೆ ಎತ್ತುತ್ತಿದ್ದ ಹಾಗೇ ಹೊಕ್ಕುಳ ಎದೆಯ ಕಡೆಗೆ ಜರುಗಿತು. ತಲೆ ಇಳಿಸಿದ ಮೇಲೆ ವಾಪಸ್ ಬಂತು. ಹುಡುಕಿ ನೋಡಬೇಕಾದಂಥದ್ದಲ್ಲ, ಎದ್ದು ಕಾಣುತ್ತಿತ್ತು. ಮೇಡಂ "ಬೀವರ್ ಸೈನ್ ಇದೆ, ವ್ಯಾಯಾಮ ಆಮೇಲೆ, ಮೊದಲು ಎದೆ ಭಾಗದ ಬೆನ್ನುಹುರಿ ನೋಡಲಿ" ಅಂತ ಚೀಟಿ ಬರೆದು ನ್ಯೂರಾಲಜಿಗೆ ಕಳಿಸಿದರು. ಆಮೇಲೆ ಬೇರೆ ಪೇಷಂಟ್ ಬಂದರು, ನಾನು ಕೇಳೋಕೆ ಆಗಲಿಲ್ಲ.

ತೊಂದರೆ ಇರೋದು ಕಾಲಿನಲ್ಲಿ. ಹೊಕ್ಕುಳ ನೋಡಿ ಏನು ಗೊತ್ತಾಯಿತು? ಯಾರಾದರೂ ಬಿಡಿಸಿ ಹೇಳ್ತೀರಾ?

ನ್ಯೂರೋ ರೆಸಿಡೆಂಟ್

ಒಳ್ಳೆಯ ಪ್ರಶ್ನೆ. ಮೊದಲು ಹೊಟ್ಟೆಯ ಸ್ನಾಯು ನೆನಪು ಮಾಡಿಕೊಳ್ಳಿ. ಎದೆಗೂಡಿನ ಕೆಳಗಿನಿಂದ ಶುರುವಾಗಿ ಕೆಳಗೆ ಪ್ಯೂಬಿಕ್ ಮೂಳೆಯ ತನಕ ನಡುಗೆರೆಯ ಎರಡೂ ಕಡೆ ಒಂದೊಂದು ಉದ್ದನೆಯ ಪಟ್ಟಿ ಇದೆ. ಅದೇ ರೆಕ್ಟಸ್ ಅಬ್ಡಾಮಿನಿಸ್. ನೋಡೋಕೆ ಒಂದೇ ಸ್ನಾಯು. ಆದರೆ ಅದಕ್ಕೆ ಬರುವ ನರ ಒಂದಲ್ಲ. ಬೆನ್ನುಹುರಿಯ ಟಿ7ರಿಂದ ಟಿ12ರ ತನಕದ ನರಗಳು (ಟಿ ಅಂದರೆ ಎದೆ ಭಾಗ, ಅಂಕಿ ಮೇಲಿನಿಂದ ಎಣಿಸಿದ್ದು) ಮೇಲಿನಿಂದ ಕೆಳಕ್ಕೆ ಸಾಲಾಗಿ ಬಂದು ತಮ್ಮ ತಮ್ಮ ಭಾಗ ಹಂಚಿಕೊಂಡಿವೆ. ಹೊಕ್ಕುಳದ ಮಟ್ಟ ಸುಮಾರು ಟಿ10. ಅದರ ಮೇಲಿನ ಅರ್ಧಕ್ಕೆ ಮೇಲಿನ ನರಗಳು, ಕೆಳಗಿನ ಅರ್ಧಕ್ಕೆ ಟಿ10ರಿಂದ ಟಿ12.

ಮಲಗಿ ತಲೆ ಎತ್ತಿದಾಗ ಕತ್ತಿನ ಸ್ನಾಯು ಮಾತ್ರ ಕೆಲಸ ಮಾಡಲ್ಲ. ಎದೆಗೂಡು ಮೇಲಕ್ಕೆದ್ದು ಹೋಗದ ಹಾಗೆ ಹೊಟ್ಟೆಯ ಸ್ನಾಯು ಅದನ್ನು ಕೆಳಗಿನಿಂದ ಬಿಗಿದು ಹಿಡಿಯುತ್ತದೆ. ಇಡೀ ರೆಕ್ಟಸ್ ಒಟ್ಟಿಗೆ ಬಿಗಿಯಾಗುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ತಂಡಕ್ಕೆ ಸಮ ಬಲ ಇದ್ದರೆ ಹಗ್ಗದ ನಡುವಿನ ಗಂಟು ಇದ್ದಲ್ಲೇ ಇರುತ್ತದೆ ಅಲ್ವಾ, ಹೊಕ್ಕುಳವೂ ಹಾಗೇ. ಕೆಳಗಿನ ತಂಡ ಸೋತರೆ ಮೇಲಿನವರು ಎಳೆದುಕೊಂಡು ಹೋಗುತ್ತಾರೆ.

ಅಂದರೆ ನಿಮ್ಮ ಮೇಡಂ ನೋಡಿದ್ದು ಇಷ್ಟು: ಹೊಕ್ಕುಳದ ಮೇಲಿನ ಹೊಟ್ಟೆಗೆ ಶಕ್ತಿ ಇದೆ, ಕೆಳಗಿನದಕ್ಕೆ ಇಲ್ಲ. ಕಾಲಿಗೂ ಇಲ್ಲ. ತೊಂದರೆ ಬರೀ ಸೊಂಟದಲ್ಲಿದ್ದಿದ್ದರೆ ಕಾಲು ಸೋಲಬಹುದಿತ್ತು, ಹೊಟ್ಟೆ ಸೋಲುತ್ತಿರಲಿಲ್ಲ. ಹೊಟ್ಟೆಯ ನರಗಳು ಹೊರಡೋದು ಸೊಂಟಕ್ಕಿಂತ ಮೇಲಿಂದ. ಅದಕ್ಕೇ ಎದೆ ಭಾಗದ ಸ್ಕ್ಯಾನ್ ಕೇಳಿದ್ದು. ಕಾಲು ಸೆಟೆದುಕೊಳ್ಳುತ್ತದೆ ಅಂದಿರಿ. ಅದೂ ಬೆನ್ನುಹುರಿಯ ಕಡೆಗೇ ಬೆರಳು ತೋರಿಸುತ್ತದೆ. ಸೊಂಟದಲ್ಲಿ ನರದ ಬೇರು ಒತ್ತಿದರೆ ಕಾಲು ಸಡಿಲವಾಗುತ್ತದೆ, ಸೆಟೆಯುವುದಿಲ್ಲ.

ಮಂಡಿಯ ರಿಫ್ಲೆಕ್ಸ್ ಹೇಗಿತ್ತು? ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಬಂತಾ?

ಇಂಟರ್ನ್ ಫಿಸಿಯೋ

ಮಂಡಿ ರಿಫ್ಲೆಕ್ಸ್ ಜೋರಾಗಿತ್ತು ಸರ್. ಹೆಬ್ಬೆರಳು ಎರಡೂ ಕಡೆ ಮೇಲಕ್ಕೆ ಬಂತು.

ನ್ಯೂರೋ ರೆಸಿಡೆಂಟ್

ಅವೆರಡೂ ಬೆನ್ನುಹುರಿಯ ಕಡೆಗೇ ಬೆರಳು ತೋರಿಸುತ್ತವೆ. ಹಾಗಾದರೆ ಮೇಡಂ ಸುಮ್ನೆ ಚೀಟಿ ಬರೆದಿಲ್ಲ. ಮೂತ್ರದ ತೊಂದರೆ ಇದೆಯಾ ಅಂತ ಕೇಳಿ. ಹೊಟ್ಟೆಯ ಸುತ್ತ ಪಟ್ಟಿ ಬಿಗಿದ ಹಾಗೆ ಅನಿಸುತ್ತಾ ಅಂತಲೂ ಕೇಳಿ. ಇದನ್ನು ಪೇಷಂಟ್ ತಾವಾಗಿ ಹೇಳೋದು ಕಡಿಮೆ. ಗ್ಯಾಸ್ ಅಂದುಕೊಂಡಿರುತ್ತಾರೆ.

ರಿಹ್ಯಾಬ್ ಅಕ್ಕ

ಈ ಪರೀಕ್ಷೆಗೆ ಯಾಕೆ ಇಷ್ಟು ಬೆಲೆ ಅನ್ನೋದನ್ನ ನಾನು ಸ್ವಲ್ಪ ಸೇರಿಸ್ತೀನಿ. ಬೆನ್ನುಹುರಿ ಪೆಟ್ಟಾದವರ ಜೊತೆಗೇ ನನ್ನ ಕೆಲಸ.

ಬೆನ್ನುಹುರಿ ಪೆಟ್ಟಿನ ಮಟ್ಟ ಗುರುತಿಸೋಕೆ ಜಗತ್ತಿನಲ್ಲೆಲ್ಲ ಬಳಸುವ ಒಂದು ಫಾರ್ಮ್ ಇದೆ, ನಾವು ಏಷಿಯಾ ಚಾರ್ಟ್ ಅಂತೀವಿ (ಖಂಡದ ಹೆಸರಲ್ಲ, ಅಮೆರಿಕದ ಬೆನ್ನುಹುರಿ ಪೆಟ್ಟಿನ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು). ಅದರಲ್ಲಿ ಶಕ್ತಿ ಅಳೆಯೋಕೆ ಒಂದೊಂದು ಕಡೆಗೆ 10 ಸ್ನಾಯು. ಸಿ5ರಿಂದ ಟಿ1ರ ತನಕ ಕೈಗೆ ಐದು (ಸಿ ಅಂದರೆ ಕತ್ತಿನ ಭಾಗ). ಎಲ್2ರಿಂದ ಎಸ್1ರ ತನಕ ಕಾಲಿಗೆ ಐದು (ಎಲ್ ಅಂದರೆ ಸೊಂಟದ ಭಾಗ, ಎಸ್ ಅದರ ಕೆಳಗಿನದು). ನಡುವೆ ಟಿ2ರಿಂದ ಎಲ್1ರ ತನಕ? ಒಂದೂ ಇಲ್ಲ. ಫಾರ್ಮ್‌ನಲ್ಲಿ ಆ ಜಾಗ ಖಾಲಿ. ಅಲ್ಲಿ ಚರ್ಮದ ಸ್ಪರ್ಶ ಎಲ್ಲಿಯ ತನಕ ಗೊತ್ತಾಗುತ್ತದೋ ಶಕ್ತಿಯೂ ಅಲ್ಲಿಯ ತನಕ ಇದೆ ಅಂತ ಒಪ್ಪಿಕೊಂಡು ಮುಂದೆ ಹೋಗ್ತೀವಿ.

ಯೋಚನೆ ಮಾಡಿ, ಬೆನ್ನುಹುರಿಯ ಅಷ್ಟು ಉದ್ದದ ಭಾಗಕ್ಕೆ ಕೈಯಿಂದ ಅಳೆಯುವಂಥ ಸ್ನಾಯುವೇ ಇಲ್ಲ. ಪಕ್ಕೆಲುಬಿನ ನಡುವಿನ ಸ್ನಾಯುವನ್ನು ಒಂದೊಂದಾಗಿ ಪರೀಕ್ಷೆ ಮಾಡೋಕೆ ಆಗಲ್ಲ. ಉಳಿಯೋದು ಸ್ಪರ್ಶ, ಹೊಟ್ಟೆಯ ಚರ್ಮದ ರಿಫ್ಲೆಕ್ಸ್ (ಚರ್ಮ ಗೀರಿದರೆ ಹೊಟ್ಟೆಯ ಸ್ನಾಯು ತಾನಾಗೇ ಕುಣಿಯೋದು), ಆಮೇಲೆ ಈ ಹೊಕ್ಕುಳ. ಸ್ಪರ್ಶದ ಪರೀಕ್ಷೆ ಪೇಷಂಟ್ ಹೇಳುವ ಮಾತಿನ ಮೇಲೆ ನಿಂತಿದೆ. ಸುಸ್ತಾಗಿದ್ದರೆ, ಗಾಬರಿಯಲ್ಲಿದ್ದರೆ, ಮಂಪರಿನಲ್ಲಿದ್ದರೆ ಉತ್ತರ ಹೊಯ್ದಾಡುತ್ತದೆ. ಹೊಕ್ಕುಳ ನಿಮ್ಮ ಕಣ್ಣಿಗೇ ಕಾಣುತ್ತದೆ.

ಇನ್ನು ಮಾಡುವ ರೀತಿ. ತುಂಬಾ ಜನ ಹೊಟ್ಟೆಯ ಮೇಲಿನ ಬಟ್ಟೆಯನ್ನು ಒಂದು ಗೇಣು ಸರಿಸಿ ನೋಡಿ "ಇಲ್ಲ" ಅಂತ ಬರೆದುಬಿಡ್ತಾರೆ. ಎದೆಗೂಡಿನ ಅಂಚಿನಿಂದ ಸೊಂಟದ ಮೂಳೆಯ ತನಕ ಹೊಟ್ಟೆ ಪೂರ್ತಿ ಕಾಣಬೇಕು. ಪೈಜಾಮದ ಎಲಾಸ್ಟಿಕ್ ಹೊಕ್ಕುಳದ ಹತ್ತಿರ ಬಿಗಿದಿದ್ದರೆ ಚರ್ಮ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸಡಿಲ ಮಾಡಿ. ಮೂತ್ರದ ಟ್ಯೂಬನ್ನು ಹೊಟ್ಟೆಗೆ ಪ್ಲಾಸ್ಟರ್ ಹಾಕಿ ಅಂಟಿಸಿದ್ದರೆ ಅದೂ ಹಾಗೇ. ದಿಂಬು ತೆಗೆಯಿರಿ. ದಿಂಬಿನ ಮೇಲಿದ್ದರೆ ತಲೆ ಆಗಲೇ ಅರ್ಧ ಎದ್ದಿರುತ್ತದೆ, ಸ್ನಾಯುವಿಗೆ ಕೆಲಸ ಇರಲ್ಲ.

ಬೆಳಕು ನೆತ್ತಿಯ ಮೇಲಿನಿಂದ ಬರೋದಕ್ಕಿಂತ ಪಕ್ಕದಿಂದ ಬಂದರೆ ಒಳ್ಳೆಯದು. ಹೊಕ್ಕುಳದ ಗುಳಿಯಲ್ಲಿ ನೆರಳು ಬೀಳುತ್ತದೆ, ಆ ನೆರಳು ಜರುಗಿದರೆ ತಕ್ಷಣ ಗೊತ್ತಾಗುತ್ತದೆ. ನಾನು ಹೊಕ್ಕುಳದ ನೇರಕ್ಕೆ ಹಾಸಿಗೆಯ ಮೇಲೆ ಒಂದು ಪೆನ್ನು ಅಡ್ಡ ಇಡ್ತೀನಿ. ಪೆನ್ನು ಹಾಸಿಗೆ ಮೇಲೆ ಇರಬೇಕು, ಚರ್ಮದ ಮೇಲೆ ಗುರುತು ಹಾಕಿದರೆ ಅದೂ ಹೊಕ್ಕುಳದ ಜೊತೆಗೇ ಹೋಗಿಬಿಡುತ್ತದೆ.

ಆಮೇಲೆ "ನಿಮ್ಮ ಕಾಲ್ಬೆರಳು ನೋಡಿ" ಅಂತ ಹೇಳಿ. "ತಲೆ ಎತ್ತಿ" ಅಂದರೆ ಕೆಲವರು ಗದ್ದ ಮೇಲೆ ಮಾಡಿ ಕತ್ತು ಹಿಂದಕ್ಕೆ ಬಾಗಿಸ್ತಾರೆ. ಕಾಲ್ಬೆರಳು ನೋಡಿ ಅಂದರೆ ಗದ್ದ ತಾನಾಗೇ ಎದೆಗೆ ಬರುತ್ತದೆ. ಬೇಕಿದ್ದರೆ ಹಣೆಯ ಮೇಲೆ ಎರಡು ಬೆರಳಿಟ್ಟು ಸ್ವಲ್ಪ ಒತ್ತಿ. ಇನ್ನೊಂದು ಕೈಯಲ್ಲಿ ಹೊಕ್ಕುಳದ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಮುಟ್ಟಿ ನೋಡಿ. ಮೇಲೆ ಹಲಗೆಯಷ್ಟು ಗಟ್ಟಿ, ಕೆಳಗೆ ಮೆತ್ತಗೆ ಇದ್ದರೆ ಕಣ್ಣಿಗೆ ಕಂಡದ್ದು ಕೈಗೂ ಸಿಕ್ಕ ಹಾಗೆ.

ಉಸಿರು ಕಟ್ಟಿ ಮುಕ್ಕಲು ಬಿಡಬೇಡಿ. ಮುಕ್ಕಿದರೆ ಹೊಟ್ಟೆ ಉಬ್ಬುತ್ತದೆ, ಆಗ ಏನು ಜರುಗಿತು ಏನು ಉಬ್ಬಿತು ಅಂತ ಬೇರೆ ಮಾಡೋಕೆ ಆಗಲ್ಲ.

ಇಂಟರ್ನ್ ಫಿಸಿಯೋ

ಅಕ್ಕ, ಪೂರ್ತಿ ಎದ್ದು ಕೂರಿಸಬೇಕಾ, ತಲೆ ಎತ್ತಿದರೆ ಸಾಕಾ?

ರಿಹ್ಯಾಬ್ ಅಕ್ಕ

ತಲೆ, ಭುಜ ಎದ್ದರೆ ಸಾಕು. ಪೂರ್ತಿ ಕೂರೋಕೆ ಹೋದರೆ ತೊಡೆಯ ಮೇಲ್ಭಾಗದ ಸ್ನಾಯು ಸೇರಿಕೊಳ್ಳುತ್ತದೆ, ಕೈ ಊರುತ್ತಾರೆ, ಪಕ್ಕಕ್ಕೆ ಹೊರಳುತ್ತಾರೆ. ಮತ್ತೆ ಒಂದು ಮಾತು. ಈಗ ತಾನೇ ಬಿದ್ದು ಅಥವಾ ಅಪಘಾತವಾಗಿ ಬಂದವರಲ್ಲಿ, ಕತ್ತಿನ ಮೂಳೆ ಸರಿಯಿದೆ ಅಂತ ಖಾತ್ರಿಯಾಗುವ ತನಕ ಈ ಪರೀಕ್ಷೆ ಮಾಡಲೇಬಾರದು. ತಲೆ ಎತ್ತಿಸೋದೇ ಪರೀಕ್ಷೆ, ಅಲ್ಲಿ ಅದೇ ಅಪಾಯ.

ಎಂಆರ್‌ಐ ಕೋಣೆ

ರೇಡಿಯಾಲಜಿಯಿಂದ ಒಂದು ತಕರಾರು. ಇದೆಲ್ಲ ನೂರು ವರ್ಷದ ಹಿಂದಿನ ವಿದ್ಯೆ. ಆಗ ಸ್ಕ್ಯಾನ್ ಇರಲಿಲ್ಲ, ಹೊಕ್ಕುಳ ನೋಡುತ್ತಿದ್ದರು. ಈಗ ಕಾಲು ಸೆಟೆದುಕೊಂಡಿದೆ, ಹೆಬ್ಬೆರಳು ಮೇಲೆ ಬರುತ್ತಿದೆ ಅಂದರೆ ಇಡೀ ಬೆನ್ನಿನ ಎಂಆರ್‌ಐ ಮಾಡಿಸಿ, ಮುಗಿಯಿತು. ಹೊಕ್ಕುಳ ಜರುಗಲಿ, ಬಿಡಲಿ, ಆ ಸ್ಕ್ಯಾನ್ ತಪ್ಪುತ್ತಾ?

ನ್ಯೂರೋ ರೆಸಿಡೆಂಟ್

ತಪ್ಪಲ್ಲ, ಒಪ್ಪಿದೆ. ಆದರೆ ಈ ಪೇಷಂಟ್ ಕೈಯಲ್ಲಿ ಆಗಲೇ ಒಂದು ಸ್ಕ್ಯಾನ್ ಇತ್ತು ಅನ್ನೋದನ್ನು ಮರೆಯಬೇಡಿ. ಕಾಲಿನ ದೂರು, ಹಾಗಾಗಿ ಸೊಂಟದ ಎಂಆರ್‌ಐ. ಎಲ್ಲ ಕಡೆ ಆಗೋದು ಇದೇ. ದೊಡ್ಡವರಲ್ಲಿ ಬೆನ್ನುಹುರಿ ಎಲ್1-ಎಲ್2 ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಸೊಂಟದ ಸ್ಕ್ಯಾನ್‌ನಲ್ಲಿ ಬೆನ್ನುಹುರಿಯ ಬಾಲ ಕಾಣುತ್ತದೆ ಅಷ್ಟೇ. ಕೆಳಗೆ ಇರೋದೆಲ್ಲ ನರದ ಎಳೆಗಳು. ರಿಪೋರ್ಟ್ ನಾರ್ಮಲ್ ಅಂತ ಬಂದ ಮೇಲೆ ಪೇಷಂಟ್, ಮನೆಯವರು, ಕೆಲವು ಸಲ ಡಾಕ್ಟರೂ ಸಮಾಧಾನ ಪಟ್ಟುಕೊಂಡು ಬಿಡುತ್ತಾರೆ. ಅಂಥ ಹೊತ್ತಲ್ಲಿ ಹೊಕ್ಕುಳ ನೋಡಿದ ಒಬ್ಬರಿದ್ದರೆ "ನೋಡಬೇಕಾದ ಜಾಗ ಇನ್ನೂ ಮೇಲಿದೆ" ಅಂತ ಹೇಳಬಹುದು.

ಎಂಆರ್‌ಐ ಕೋಣೆ

ಸರಿ, ಆ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ. ಚೀಟಿಯಲ್ಲಿ "ಬೆನ್ನು ನೋವು, ಎಂಆರ್‌ಐ" ಅಂತ ಎರಡು ಪದ ಬರೆದು ಕಳಿಸಬೇಡಿ. "ಟಿ10ರ ಕೆಳಗೆ ಸ್ಪರ್ಶ ಕಡಿಮೆ, ಬೀವರ್ ಸೈನ್ ಇದೆ" ಅಂತ ಬರೆದರೆ ನಾವು ಎಲ್ಲಿ ಜಾಸ್ತಿ ಹೊತ್ತು ನೋಡಬೇಕು ಅಂತ ಗೊತ್ತಾಗುತ್ತದೆ.

ಮತ್ತೆ ಮಟ್ಟದ ಲೆಕ್ಕ ಗೊಂದಲ ಮಾಡಿಕೊಳ್ಳಬೇಡಿ. ಟಿ10 ಅಂದರೆ ಬೆನ್ನುಹುರಿಯ ಟಿ10 ತುಂಡು. ಬೆನ್ನುಹುರಿ ಬೆನ್ನುಮೂಳೆಗಿಂತ ಗಿಡ್ಡ. ಹಾಗಾಗಿ ಆ ತುಂಡು ಟಿ10 ಮೂಳೆಯ ಎದುರಿಗೆ ಇರಲ್ಲ, ಎರಡು ಮೂರು ಮೂಳೆ ಮೇಲೆ ಇರುತ್ತದೆ. ಹೊಕ್ಕುಳ ಮೇಲೆ ಹೋಯಿತು ಅಂತ ಟಿ10 ಮೂಳೆಯನ್ನೇ ದಿಟ್ಟಿಸಿ ನೋಡಿದರೆ ಗಡ್ಡೆ ಅದರ ಮೇಲೆ ನಗುತ್ತಾ ಕೂತಿರುತ್ತದೆ.

ಇಂಟರ್ನ್ ಫಿಸಿಯೋ

ಅಪ್‌ಡೇಟ್: ಸ್ಕ್ಯಾನ್ ಆಯಿತು. ಟಿ7-ಟಿ8 ಮೂಳೆಯ ಹತ್ತಿರ ಬೆನ್ನುಹುರಿಯ ಹೊರಗಿನಿಂದ ಒಂದು ಗಡ್ಡೆ ಒತ್ತುತ್ತಿದೆ. ಮೆನಿಂಜಿಯೋಮಾ (ಬೆನ್ನುಹುರಿಯ ಹೊದಿಕೆಯಿಂದ ಬೆಳೆಯುವ ಗಡ್ಡೆ) ಇರಬಹುದು ಅಂತ ಬರೆದಿದ್ದಾರೆ. ನ್ಯೂರೋಸರ್ಜರಿಗೆ ಕಳಿಸಿದ್ದಾರೆ. ಹೊಟ್ಟೆಯ ಸುತ್ತ ಬಿಗಿದ ಹಾಗೆ ಆಗುತ್ತಾ ಅಂತ ಕೇಳಿದೆ ಸರ್. "ಹೌದು, ಸೀರೆ ಬಿಗಿಯಾಗಿ ಉಟ್ಟಿದ್ದೀನಿ ಅಂದುಕೊಂಡಿದ್ದೆ" ಅಂದರು.

ನ್ಯೂರೋ ರೆಸಿಡೆಂಟ್

ಬೆನ್ನುಹುರಿಯ ಮೆನಿಂಜಿಯೋಮಾ ಜಾಸ್ತಿ ಬರೋದು ಎದೆ ಭಾಗದಲ್ಲೇ, ಅದೂ ನಡುವಯಸ್ಸು ದಾಟಿದ ಹೆಂಗಸರಲ್ಲಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ನೋವಿಲ್ಲದೆ ತಿಂಗಳುಗಟ್ಟಲೆ ಕಾಲು ಭಾರ ಅಂತ ಓಡಾಡುತ್ತಾರೆ. ಬೇಗ ತೆಗೆದರೆ ಕಾಲಿಗೆ ಶಕ್ತಿ ಬರುವ ಸಾಧ್ಯತೆ ಚೆನ್ನಾಗಿದೆ.

ಆದರೆ ಎದೆ ಭಾಗದ ಬೆನ್ನುಹುರಿ ಒತ್ತೋದಕ್ಕೆ ಇದೊಂದೇ ಕಾರಣ ಅಲ್ಲ. ಬೆನ್ನುಮೂಳೆಯ ಟಿಬಿ ಇದೆ. ಬೇರೆ ಕಡೆಯ ಕ್ಯಾನ್ಸರ್ ಮೂಳೆಗೆ ಹರಡಿ ಒತ್ತಬಹುದು, ಅದಕ್ಕೂ ಎದೆ ಭಾಗವೇ ಹೆಚ್ಚು. ಒತ್ತಡವೇ ಇಲ್ಲದೆ ಬೆನ್ನುಹುರಿಯ ಉರಿಯೂತವೂ ಆಗಬಹುದು. ಹೊಕ್ಕುಳ ಜಾಗ ಹೇಳುತ್ತದೆ, ಕಾರಣ ಹೇಳಲ್ಲ.

ಸರ್ಜರಿ ಪೀಜಿ

ಒಂದು ನಿಮಿಷ. ಮಲಗಿಸಿ ತಲೆ ಎತ್ತಿಸೋದು ನಮ್ಮ ಸರ್ಜರಿಯ ಪರೀಕ್ಷೆ ಅಲ್ವಾ? ಹೊಟ್ಟೆ ನೋವಿಗೆ ಮಾಡ್ತೀವಲ್ಲ?

ನ್ಯೂರೋ ರೆಸಿಡೆಂಟ್

ನೀವು ಹೇಳ್ತಿರೋದು ಕಾರ್ನೆಟ್ ಸೈನ್. 1926ರಲ್ಲಿ ಕಾರ್ನೆಟ್ ಅನ್ನೋ ಸರ್ಜನ್ ಬರೆದದ್ದು. ಪೇಷಂಟ್ ಮಾಡೋದು ಒಂದೇ, ನಾವು ನೋಡೋದು ಬೇರೆ. ಕಾರ್ನೆಟ್‌ನಲ್ಲಿ ನೋಯುವ ಜಾಗ ಒತ್ತಿ ಹಿಡಿದು ತಲೆ ಎತ್ತಿ ಅಂತೀವಿ. ಸ್ನಾಯು ಬಿಗಿಯಾದ ಮೇಲೆ ನೋವು ಜಾಸ್ತಿಯಾದರೆ ತೊಂದರೆ ಹೊಟ್ಟೆಯ ಗೋಡೆಯಲ್ಲಿ. ಕಡಿಮೆಯಾದರೆ ಒಳಗಿನ ಅಂಗದಲ್ಲಿರಬಹುದು, ಬಿಗಿದ ಸ್ನಾಯು ಅಡ್ಡ ಬಂದು ಕಾಪಾಡುತ್ತದೆ. ಬೀವರ್‌ನಲ್ಲಿ ನೋವಿನ ಮಾತೇ ಇಲ್ಲ, ಜರುಗುವುದನ್ನು ಮಾತ್ರ ನೋಡ್ತೀವಿ.

ಕೇಸ್ ಶೀಟ್‌ನಲ್ಲಿ "ತಲೆ ಎತ್ತುವ ಪರೀಕ್ಷೆ ಪಾಸಿಟಿವ್" ಅಂತ ಬರೆದದ್ದು ನೋಡಿದ್ದೀನಿ. ಯಾವುದು ಪಾಸಿಟಿವ್, ದೇವರಿಗೇ ಗೊತ್ತು.

ಹಳೇ ಪುಸ್ತಕ

ಪರೀಕ್ಷೆಗೆ ಹೆಸರು ಕೊಟ್ಟವರ ಬಗ್ಗೆ ಎರಡು ಸಾಲು. ಚಾರ್ಲ್ಸ್ ಎಡ್ವರ್ಡ್ ಬೀವರ್, 1854ರಿಂದ 1908. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ನರರೋಗ ವೈದ್ಯರು. ಸರ್ಜನ್ ವಿಕ್ಟರ್ ಹಾರ್ಸ್ಲಿ ಜೊತೆ ಸೇರಿ ಮಂಗಗಳ ಮಿದುಳಿನ ಯಾವ ಭಾಗ ಯಾವ ಚಲನೆ ಮಾಡಿಸುತ್ತದೆ ಅಂತ ಹುಡುಕಿದವರು. 1903ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಸ್ನಾಯುಗಳ ಚಲನೆಯ ಮೇಲೆ ಕೊಟ್ಟ ಕ್ರೂನಿಯನ್ ಉಪನ್ಯಾಸಗಳು ಹೆಸರಾದವು. ಮಿದುಳಿಗೆ ಬಿಡಿ ಬಿಡಿ ಸ್ನಾಯು ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಚಲನೆ ಮಾತ್ರ ಅನ್ನೋದು ಅವರ ಮುಖ್ಯ ವಾದ. ಈ ಪರೀಕ್ಷೆಯಲ್ಲೂ ಅದೇ ಇದೆ. ಹೊಟ್ಟೆ ಬಿಗಿ ಮಾಡಿ ಅಂತ ಹೇಳುವುದಿಲ್ಲ. ತಲೆ ಎತ್ತಿ ಅಂತೀವಿ, ಹೊಟ್ಟೆ ತಾನೇ ಬಿಗಿಯಾಗುತ್ತದೆ.

ತಮ್ಮ

ನಾನು ಡಾಕ್ಟರ್ ಅಲ್ಲ. ನನ್ನ ಅಣ್ಣನಿಗೆ ಈ ಪರೀಕ್ಷೆ ಮಾಡಿದ್ದರು. ಅವನ ಹೊಕ್ಕುಳವೂ ಮೇಲಕ್ಕೆ ಹೋಯಿತು. ಆದರೆ ಬೆನ್ನಿನ ಸ್ಕ್ಯಾನ್ ಪೂರ್ತಿ ಸರಿ ಇದೆ. ಈಗ ಎಫ್‌ಎಸ್‌ಎಚ್‌ಡಿ ಅಂತ ಹೇಳ್ತಿದ್ದಾರೆ, ಜೀನ್ ಪರೀಕ್ಷೆಗೆ ಕಳಿಸಿದ್ದಾರೆ. ಮೇಲೆ ಓದಿದರೆ ಹೊಕ್ಕುಳ ಜರುಗಿದರೆ ಬೆನ್ನುಹುರಿ ತೊಂದರೆ ಅಂತ ಇದೆ. ಹಾಗಾದರೆ ಸ್ಕ್ಯಾನ್ ತಪ್ಪಾಗಿರಬಹುದಾ? ಅಮ್ಮ ಎರಡು ದಿನದಿಂದ ಇದೇ ಕೇಳ್ತಿದ್ದಾರೆ.

ನ್ಯೂರೋ ರೆಸಿಡೆಂಟ್

ಸ್ಕ್ಯಾನ್ ತಪ್ಪಾಗಿರಬೇಕಿಲ್ಲ. ಅಮ್ಮನಿಗೆ ಹೀಗೆ ಹೇಳಿ: ಕೆಳಹೊಟ್ಟೆಯ ಸ್ನಾಯು ಸೋಲೋಕೆ ಎರಡು ದಾರಿ. ಒಂದು, ಸ್ನಾಯು ಚೆನ್ನಾಗಿದೆ, ಅದಕ್ಕೆ ಬರುವ ಸಂದೇಶ ದಾರಿಯಲ್ಲಿ ನಿಂತುಹೋಗಿದೆ. ಅದು ಬೆನ್ನುಹುರಿ ಅಥವಾ ನರದ ತೊಂದರೆ. ಎರಡು, ಸಂದೇಶ ಸರಿಯಾಗಿ ಬರುತ್ತಿದೆ, ಸ್ನಾಯುವೇ ಸವೆದಿದೆ. ಅಣ್ಣನದು ಎರಡನೆಯದು.

ಎಫ್‌ಎಸ್‌ಎಚ್‌ಡಿ ಅಂದರೆ ಮುಖ, ಹೆಗಲು, ತೋಳಿನಿಂದ ಶುರುವಾಗುವ, ಸ್ನಾಯು ಸವೆಯುವ ಕಾಯಿಲೆ. ಇದರಲ್ಲಿ ಕೆಳಹೊಟ್ಟೆ ಮೇಲ್ಹೊಟ್ಟೆಗಿಂತ ಮೊದಲು ಸೋಲುತ್ತದೆ. ಯಾಕೆ ಈ ಕಾಯಿಲೆಯಲ್ಲಿ ಬೀವರ್ ಸೈನ್ ಇಷ್ಟು ಹೆಸರಾಗಿದೆ ಅಂದರೆ, ಬೇರೆ ಸ್ನಾಯು ಕಾಯಿಲೆಗಳಲ್ಲಿ ಹೊಟ್ಟೆ ಸೋತರೂ ಮೇಲೆ ಕೆಳಗೆ ಒಟ್ಟಿಗೆ ಸೋಲೋದು ಜಾಸ್ತಿ. ಆಗ ಹೊಕ್ಕುಳ ಇದ್ದಲ್ಲೇ ಇರುತ್ತದೆ. ಎಫ್‌ಎಸ್‌ಎಚ್‌ಡಿಯಲ್ಲಿ ಹೆಚ್ಚಿನವರಲ್ಲಿ ಜರುಗುತ್ತದೆ. ಹೆಗಲಿನ ಮೂಳೆ ರೆಕ್ಕೆಯಂತೆ ಹೊರಗೆ ಬಂದಿರೋದು, ಕಣ್ಣು ಬಿಗಿಯಾಗಿ ಮುಚ್ಚೋಕೆ ಆಗದಿರೋದು, ಸಿಳ್ಳೆ ಹಾಕೋಕೆ ಬರದಿರೋದು, ಎರಡೂ ಕಡೆ ಒಂದೇ ಥರ ಇಲ್ಲದಿರೋದು, ಜೊತೆಗೆ ಈ ಹೊಕ್ಕುಳ ಸೇರಿದರೆ ಡಾಕ್ಟರಿಗೆ ಜೀನ್ ಪರೀಕ್ಷೆಗೆ ಮೊದಲೇ ಅಂದಾಜು ಸಿಗುತ್ತದೆ.

ಬೆನ್ನುಹುರಿಯೋ ಸ್ನಾಯುವೋ ಅಂತ ಬೇರೆ ಮಾಡೋಕೆ ಹಾಸಿಗೆಯ ಪಕ್ಕದಲ್ಲೇ ಇನ್ನೊಂದು ದಾರಿ ಇದೆ. ಹೊಟ್ಟೆಯ ಚರ್ಮದ ಮೇಲೆ ಮೊಂಡು ತುದಿಯಿಂದ ಹೊರಗಿನಿಂದ ಹೊಕ್ಕುಳದ ಕಡೆ ಬೇಗನೆ ಒಂದು ಗೆರೆ ಎಳೆದರೆ ಚರ್ಮದಡಿಯ ಸ್ನಾಯು ಚಕ್ ಅಂತ ಕುಣಿಯುತ್ತದೆ. ಟಿ10ರ ಬೆನ್ನುಹುರಿ ತೊಂದರೆಯಲ್ಲಿ ಹೊಕ್ಕುಳದ ಕೆಳಗೆ ಅದು ಹೋಗಿರುತ್ತದೆ. ಎಫ್‌ಎಸ್‌ಎಚ್‌ಡಿಯಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ಸ್ಪರ್ಶವೂ ಸರಿ ಇರುತ್ತದೆ. ಮೂತ್ರದ ತೊಂದರೆ ಇರಲ್ಲ. ಕಾಲು ಸೆಟೆದುಕೊಳ್ಳಲ್ಲ.

ತಮ್ಮ

ಸಿಳ್ಳೆ ಅಂದಿರಲ್ಲ ಸರ್, ಅವನಿಗೆ ಚಿಕ್ಕಂದಿನಿಂದ ಬರಲ್ಲ. ನಾವೆಲ್ಲ ರೇಗಿಸ್ತಿದ್ವಿ. ಇದು ನನಗೂ ಬರಬಹುದಾ?

ನ್ಯೂರೋ ರೆಸಿಡೆಂಟ್

ಅದನ್ನು ಜೀನ್ ರಿಪೋರ್ಟ್ ಬಂದ ಮೇಲೆ ಜೆನೆಟಿಕ್ ಕೌನ್ಸೆಲರ್ ಜೊತೆ ಎದುರಿಗೇ ಕೂತು ಮಾತಾಡಿ. ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆದರೆ ಮನೆಯಲ್ಲಿ ಯಾರಿಗೂ ಇಲ್ಲದೆ ಒಬ್ಬರಲ್ಲೇ ಹೊಸದಾಗಿ ಕಾಣಿಸಿಕೊಳ್ಳೋದೂ ಇದೆ. ಇದ್ದವರಲ್ಲೂ ಒಬ್ಬರಿಗೆ ತೀರಾ ಸೌಮ್ಯ, ಇನ್ನೊಬ್ಬರಿಗೆ ಜಾಸ್ತಿ. ಮನೆಯಲ್ಲಿ ಮಲಗಿ ತಲೆ ಎತ್ತಿ ಹೊಕ್ಕುಳ ನೋಡಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಉತ್ತರ ಅಲ್ಲಿ ಸಿಗಲ್ಲ.

ಸ್ನಾಯು ಕ್ಲಿನಿಕ್

ಎಫ್‌ಎಸ್‌ಎಚ್‌ಡಿ ಜೊತೆ ಇನ್ನೊಂದು ಹೆಸರು: ಜಿಎನ್‌ಇ ಮಯೋಪತಿ. ಇದೂ ಜೀನ್ ದೋಷದಿಂದ ಬರುವ ಸ್ನಾಯು ಕಾಯಿಲೆ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಪಾದ ಎತ್ತೋಕೆ ಆಗದೆ ಶುರುವಾಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಬಹಳ ಕಾಲ ಗಟ್ಟಿಯಾಗೇ ಉಳಿಯುತ್ತದೆ, ಅದೇ ಇದರ ಗುರುತು. ಇದರಲ್ಲೂ ಬೀವರ್ ಸೈನ್ ಹೆಚ್ಚಾಗಿ ಸಿಗುತ್ತದೆ. ದೊಡ್ಡವರ ಪಾಂಪೆ ಕಾಯಿಲೆಯಲ್ಲೂ (ಒಂದು ಕಿಣ್ವದ ಕೊರತೆಯಿಂದ ಸ್ನಾಯು ಹಾಳಾಗುವ ಕಾಯಿಲೆ) ಕಂಡದ್ದಿದೆ. ಅದಕ್ಕೆ ಔಷಧ ಇರೋದರಿಂದ ಅದನ್ನು ಮರೆಯಬಾರದು.

ಹೊಸ ಅಮ್ಮ

ನಾನು ಇದನ್ನು ಓದಿ ಮನೆಯಲ್ಲಿ ಮಾಡಿ ನೋಡಿದೆ 😟 ಹೆರಿಗೆ ಆಗಿ ನಾಲ್ಕು ತಿಂಗಳು. ತಲೆ ಎತ್ತಿದರೆ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ಏಣು ಎದ್ದು ಬರುತ್ತದೆ, ಹೊಕ್ಕುಳವೂ ಹೊರಗೆ ಬರುತ್ತದೆ. ಕಾಲಿಗೆ ಏನೂ ತೊಂದರೆ ಇಲ್ಲ. ಹೆದರಬೇಕಾ?

ರಿಹ್ಯಾಬ್ ಅಕ್ಕ

ಹೆದರಬೇಡಿ ತಾಯಿ. ನೀವು ಹೇಳ್ತಿರೋದು ಬೀವರ್ ಸೈನ್ ಅಲ್ಲ. ಬಸುರಿನಲ್ಲಿ ಎರಡು ರೆಕ್ಟಸ್ ಪಟ್ಟಿಗಳ ನಡುವಿನ ಅಂಗಾಂಶ ಹಿಗ್ಗುತ್ತದೆ. ಹೆರಿಗೆ ಆದ ಮೇಲೂ ಅಲ್ಲಿ ಸಂದು ಉಳಿದರೆ ತಲೆ ಎತ್ತಿದಾಗ ಒಳಗಿನದು ಅಲ್ಲಿಂದ ಏಣಿನ ಹಾಗೆ ಉಬ್ಬುತ್ತದೆ. ಅದನ್ನು ಡಯಾಸ್ಟಾಸಿಸ್ ಅಂತೀವಿ. ಹೊಕ್ಕುಳ ಮುಂದಕ್ಕೆ ಬಂತು ಅನ್ನೋದು ಬೇರೆ, ಎದೆಯ ಕಡೆ ಜರುಗಿತು ಅನ್ನೋದು ಬೇರೆ. ಸ್ತ್ರೀರೋಗ ತಜ್ಞರಿಗೋ ಫಿಸಿಯೋಗೋ ಒಮ್ಮೆ ತೋರಿಸಿ. ಸಂದು ಎಷ್ಟಿದೆ ಅಂತ ಬೆರಳಲ್ಲಿ ಅಳೆದು, ಹೊಕ್ಕುಳದ ಹರ್ನಿಯಾ ಇದೆಯಾ ಅಂತಲೂ ನೋಡಿ, ಸರಿಯಾದ ವ್ಯಾಯಾಮ ಹೇಳ್ತಾರೆ.

ಹೊಟ್ಟೆಯ ಚರ್ಮದ ರಿಫ್ಲೆಕ್ಸ್ ಕೂಡ ಹೆರಿಗೆ ಆದವರಲ್ಲಿ, ದಪ್ಪ ಹೊಟ್ಟೆಯವರಲ್ಲಿ, ವಯಸ್ಸಾದವರಲ್ಲಿ ಸಿಗದೇ ಇರಬಹುದು. ಎರಡೂ ಕಡೆ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ ಅಂದರೆ ಯೋಚನೆ ಮಾಡಬೇಕು.

ಹೊಸ ಅಮ್ಮ

ಅಬ್ಬಾ. ಥ್ಯಾಂಕ್ಸ್ ಅಕ್ಕ.

ಸರ್ಜರಿ ಪೀಜಿ

ಪಕ್ಕಕ್ಕೆ ಜರುಗಿದರೆ? ಸರ್ಪಸುತ್ತು ಆಗಿ ಹೋದ ಒಬ್ಬರಿಗೆ ಹೊಟ್ಟೆಯ ಬಲಭಾಗ ಉಬ್ಬಿತ್ತು. ಹರ್ನಿಯಾ ಅಂತ ನಮ್ಮ ಹತ್ತಿರ ಕಳಿಸಿದ್ದರು. ತೂತು ಇರಲಿಲ್ಲ. ತಲೆ ಎತ್ತಿಸಿದರೆ ಹೊಕ್ಕುಳ ಎಡಕ್ಕೆ ಹೋಯಿತು.

ನ್ಯೂರೋ ರೆಸಿಡೆಂಟ್

ಚೆನ್ನಾಗಿ ನೋಡಿದ್ದೀರಿ. ಲೆಕ್ಕ ಅದೇ, ಗಟ್ಟಿ ಇರುವ ಕಡೆಗೆ ಹೋಗುತ್ತದೆ. ಸರ್ಪಸುತ್ತು ಚರ್ಮದ ನರಕ್ಕೆ ಮಾತ್ರ ನಿಲ್ಲದೆ ಸ್ನಾಯುವಿನ ನರಕ್ಕೂ ತಗುಲಿದರೆ ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಉಬ್ಬುತ್ತದೆ. ಹರ್ನಿಯಾ ಥರ ಕಾಣುತ್ತದೆ, ಹರ್ನಿಯಾ ಅಲ್ಲ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ, ಆಪರೇಷನ್ ಬೇಕಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಎದೆಯ ನರದ ಬೇರಿಗೆ ತೊಂದರೆಯಾದರೂ ಹೀಗೇ ಆಗಬಹುದು, ಜೊತೆಗೆ ಪಟ್ಟಿಯಂತೆ ಉರಿ ನೋವು ಇರುತ್ತದೆ.

ಕೆಳಕ್ಕೆ ಜರುಗುವುದೂ ಇದೆ. ಮೇಲಿನ ಅರ್ಧ ಸೋತು ಕೆಳಗಿನದು ಉಳಿದರೆ ಹಾಗಾಗುತ್ತದೆ. ಅಪರೂಪ.

ಎಂಆರ್‌ಐ ಕೋಣೆ

ನನ್ನ ಕೊನೆಯ ತಕರಾರು. ಹೊಕ್ಕುಳ ಅಲ್ಲಾಡಲಿಲ್ಲ, ಹಾಗಾಗಿ ಬೆನ್ನುಹುರಿ ಸರಿ ಇದೆ ಅಂತ ಯಾರಾದರೂ ಸ್ಕ್ಯಾನ್ ಬಿಟ್ಟರೆ?

ರಿಹ್ಯಾಬ್ ಅಕ್ಕ

ಅದು ದೊಡ್ಡ ತಪ್ಪು, ಇದನ್ನು ಇಂಟರ್ನ್‌ಗಳು ಬರೆದಿಟ್ಟುಕೊಳ್ಳಲಿ. ಪೆಟ್ಟು ಟಿ4ರಲ್ಲಿದ್ದರೆ ಹೊಟ್ಟೆ ಪೂರ್ತಿ ಸೋತಿರುತ್ತದೆ. ಎಳೆಯೋರು ಯಾರೂ ಇಲ್ಲ, ಹೊಕ್ಕುಳ ಇದ್ದಲ್ಲೇ ಇರುತ್ತದೆ. ನೋಡೋಕೆ ನಾರ್ಮಲ್ ಥರವೇ. ಮುಟ್ಟಿದರೆ ಮಾತ್ರ ಮೇಲೂ ಕೆಳಗೂ ಮೆತ್ತಗೆ ಇರೋದು ಗೊತ್ತಾಗುತ್ತದೆ. ಎಲ್1ರ ಕೆಳಗೆ ತೊಂದರೆಯಾದರೆ ಹೊಟ್ಟೆ ಪೂರ್ತಿ ಗಟ್ಟಿ, ಆಗಲೂ ಹೊಕ್ಕುಳ ಅಲ್ಲಾಡಲ್ಲ. ಕತ್ತಿನ ಸ್ನಾಯುವೇ ಸೋತವರು ತಲೆ ಎತ್ತೋಕೇ ಆಗಲ್ಲ, ಪರೀಕ್ಷೆ ನಡೆಯೋದೇ ಇಲ್ಲ. ಅವರಿಗೆ ಕೆಮ್ಮಲು ಹೇಳಿ ಹೊಟ್ಟೆ ನೋಡಬಹುದು, ಅಷ್ಟು ಸ್ಪಷ್ಟ ಅಲ್ಲ. ಹೊಟ್ಟೆಯ ಆಪರೇಷನ್ ಆಗಿ ಕಲೆ ಬಿಗಿದುಕೊಂಡಿದ್ದರೆ ಎರಡು ಥರವೂ ಮೋಸ ಆಗಬಹುದು.

ಜರುಗಿದರೆ ಅರ್ಥ ಇದೆ. ಜರುಗದಿದ್ದರೆ ಬಾಕಿ ಪರೀಕ್ಷೆ ಮುಂದುವರಿಸಿ, ಅಷ್ಟೇ.

ಓದುತ್ತಿರುವ ಬಾಕಿಯವರಿಗೂ ಒಂದು ಮಾತು. ಕಾಲಿಗೆ ಶಕ್ತಿ ಬೇಗ ಬೇಗ ಕಡಿಮೆಯಾಗುತ್ತಿದ್ದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಗುದದ ಸುತ್ತ ಜೋಮು ಹಿಡಿದಿದ್ದರೆ ಹೊಕ್ಕುಳ ನೋಡುತ್ತಾ ಕೂರಬೇಡಿ. ಅದೇ ದಿನ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಗಂಟೆಗಳ ಲೆಕ್ಕ.

ಎಂಆರ್‌ಐ ಕೋಣೆ

ಹೀಗೆ ಹೇಳಿದರೆ ಜಗಳ ಇಲ್ಲ.

ಇಂಟರ್ನ್ ಫಿಸಿಯೋ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಗೆ ಒಂದು. ಇದನ್ನು ಕೇಸ್ ಶೀಟ್‌ನಲ್ಲಿ ಹೇಗೆ ಬರೆಯಬೇಕು? "ಬೀವರ್ ಪಾಸಿಟಿವ್" ಸಾಕಾ?

ರಿಹ್ಯಾಬ್ ಅಕ್ಕ

ಸಾಲಲ್ಲ. ಏನು ಕಂಡಿತೋ ಅದನ್ನೇ ಬರೆಯಿರಿ: "ಅಂಗಾತ ಮಲಗಿ ತಲೆ ಎತ್ತಿದಾಗ ಹೊಕ್ಕುಳ ಮೇಲಕ್ಕೆ ಜರುಗುತ್ತದೆ, ಪಕ್ಕಕ್ಕೆ ಇಲ್ಲ. ಮುಟ್ಟಿದಾಗ ಹೊಕ್ಕುಳದ ಮೇಲೆ ಗಟ್ಟಿ, ಕೆಳಗೆ ಸಡಿಲ. ಹೊಟ್ಟೆಯ ರಿಫ್ಲೆಕ್ಸ್ ಮೇಲೆ ಇದೆ, ಕೆಳಗೆ ಎರಡೂ ಕಡೆ ಇಲ್ಲ. ಸ್ಪರ್ಶ ಹೊಕ್ಕುಳದ ತನಕ ಸರಿ." ತಾರೀಕು, ಹೊತ್ತು ಹಾಕಿ. ಆಪರೇಷನ್ ಆದ ಮೇಲೆ ಇದೇ ನಾಲ್ಕು ಸಾಲು ಮತ್ತೆ ಬರೆಯಿರಿ. ಆಗ ಹೋಲಿಸೋಕೆ ಸಿಗುತ್ತದೆ.

ಎಂಆರ್‌ಐ ಕೋಣೆ

ಆ ನಾಲ್ಕು ಸಾಲಿನ ಒಂದು ಕಾಪಿ ನಮ್ಮ ಚೀಟಿಗೂ ಹಾಕಿ ಮಾರಾಯ್ರೇ.